ಅಕೇಶಿಯಾ ಸಸಿಯ ಎಲೆಯಲ್ಲಿ ಜೀನ್ ಸುಮ್ಮನಾಗುವುದನ್ನು ನೋಡುವುದು ಹೇಗೆ?

ಜೀನ್‌ಗಳನ್ನು ಸುಮ್ಮನಿರಿಸುವ, ಅಂದರೆ ಅವು ಕೆಲಸ ಮಾಡದಂತೆ ತಡೆಯುವ ಪ್ರೋಟೀನ್‌ಗಳು ಕಣ್ಣಿಗೆ ಕಾಣುವುದಿಲ್ಲ. ಆದರೆ ಅವುಗಳ ಕೆಲಸ ಕಾಣುತ್ತದೆ. ಮಂಗಳೂರು, ಉಡುಪಿ ಕಡೆಯವರಿಗಂತೂ ಸುಲಭ. ಇಲ್ಲಿನ ಮುರಕಲ್ಲಿನ ಗುಡ್ಡಗಳಲ್ಲಿ ಸಾಲಾಗಿ ನೆಟ್ಟಿರುವ ಅಕೇಶಿಯಾ ಇದೆಯಲ್ಲ, ಅದರ ಒಂದು ಹಿಡಿ ಬೀಜ ಸಾಕು.

ಬೇಸಗೆಯಲ್ಲಿ ಮರದ ಕೆಳಗೆ ಸುರುಳಿ ಸುತ್ತಿದ ಒಣ ಕಾಯಿಗಳನ್ನು ಹುಡುಕಿ. ಒಳಗೆ ಹೊಳೆಯುವ ಕಪ್ಪು ಬೀಜ, ಅದಕ್ಕೆ ಅಂಟಿಕೊಂಡ ಕಿತ್ತಳೆ ಬಣ್ಣದ ದಾರ. ದಾರ ಕಿತ್ತುಬಿಡಿ. ಸಿಪ್ಪೆ ತುಂಬಾ ಗಟ್ಟಿ, ಸುಮ್ನೆ ಮಣ್ಣಿಗೆ ಹಾಕಿದರೆ ಎಷ್ಟೋ ಕಾಲ ಹಾಗೇ ಬಿದ್ದಿರುತ್ತದೆ. ಕುದಿದ ನೀರನ್ನು ಒಲೆಯಿಂದ ಇಳಿಸಿ ಬೀಜ ಹಾಕಿ, ಒಂದೆರಡು ನಿಮಿಷ ಬಿಟ್ಟು ಆ ನೀರು ಚೆಲ್ಲಿ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಉಬ್ಬಿದವನ್ನು ಮಾತ್ರ ಬಿತ್ತಿ. ಮಳೆಗಾಲ ಶುರುವಾಗಿದ್ದರೆ ಕುಂಡವನ್ನು ಮಾಡಿನ ನೀರು ಬೀಳದ, ಆದರೆ ಬೆಳಕು ಚೆನ್ನಾಗಿರುವ ಕಡೆ ಇಡಿ.

ಮೊದಲ ಎಲೆಗಳು ಬಂದಾಗ ಇದು ಅಕೇಶಿಯಾವೇ ಹೌದಾ ಅಂತ ಅನುಮಾನ ಬರುತ್ತದೆ. ದೊಡ್ಡ ಮರದ ಉದ್ದನೆಯ ಬಾಗಿದ ಎಲೆ ಅಲ್ಲ ಅದು, ಮುಟ್ಟಿದರೆ ಮುನಿಯ ಹಾಗೆ ಸಣ್ಣ ಸಣ್ಣ ಎಲೆಗಳ ಗರಿ. ಆಮೇಲೆ ಬರುವ ಎಲೆಗಳಲ್ಲಿ ತೊಟ್ಟು ಚಪ್ಪಟೆಯಾಗುತ್ತಾ ಹೋಗಿ, ತುದಿಯಲ್ಲಿ ಚೂರೇ ಚೂರು ಗರಿ ಉಳಿಯುತ್ತದೆ. ಕೊನೆಗೆ ಗರಿಯೇ ಇಲ್ಲ. ದೊಡ್ಡ ಮರದಲ್ಲಿ ನಾವು ಎಲೆ ಅನ್ನುವುದು ಆ ಚಪ್ಪಟೆ ತೊಟ್ಟನ್ನೇ! ಅರ್ಧ ತೊಟ್ಟು ಅರ್ಧ ಗರಿ ಇರುವ ನಡುವಿನ ಎಲೆಯನ್ನು ಹತ್ತಿರದಿಂದ ಫೋಟೋ ತೆಗೆಯಿರಿ, ಕೆಳಗಿನಿಂದ ಎಷ್ಟನೇ ಎಲೆ ಅಂತ ಬರೆದಿಡಿ.

ಒಳಗೆ ನಡೆಯುವುದು ಇದು. ಎಳೆ ಗಿಡದಲ್ಲಿ ಮೈಕ್ರೋ ಆರ್‌ಎನ್‌ಎ 156 ಅನ್ನುವ, ಬರೀ 20ರ ಆಸುಪಾಸು ನ್ಯೂಕ್ಲಿಯೋಟೈಡ್ (ಆರ್‌ಎನ್‌ಎ ಸರಪಳಿಯ ಕೊಂಡಿ) ಉದ್ದದ ಚೂರು ಜಾಸ್ತಿ ಇರುತ್ತದೆ. ಆರ್ಗೊನಾಟ್ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡು, ಅದಕ್ಕೆ ಹೊಂದುವ ಎಸ್‌ಪಿಎಲ್ ಜೀನ್‌ಗಳ ಸಂದೇಶವನ್ನು (ಪ್ರೋಟೀನ್ ತಯಾರಿಸಲು ಬೇಕಾದ ಆರ್‌ಎನ್‌ಎ ಪ್ರತಿ) ಹುಡುಕಿ ಕತ್ತರಿಸುತ್ತದೆ, ಇಲ್ಲವೇ ಅದರಿಂದ ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ. ಬಲಿತ ಎಲೆ ಬರಲು ಎಸ್‌ಪಿಎಲ್ ಬೇಕು. ಗಿಡ ಬೆಳೆದಂತೆ 156 ಇಳಿಯುತ್ತದೆ, ಎಸ್‌ಪಿಎಲ್ ಏರುತ್ತದೆ. ನಮ್ಮ ಗುಡ್ಡದ ಅಕೇಶಿಯಾದ ಹತ್ತಿರದ ಜಾತಿಗಳಲ್ಲಿ, ನೀಲಗಿರಿ ಮರದಲ್ಲಿ ಕೂಡ ಎಲೆ ಬದಲಾಗುವಾಗ 156 ಹೀಗೇ ಇಳಿಯುವುದನ್ನು ಅಳೆದು ನೋಡಿದ್ದಾರೆ.

ಅದು ಯಾಕೆ ಇಳಿಯುತ್ತದೆ ಅನ್ನುವುದು ನನಗೆ ತುಂಬಾ ಇಷ್ಟವಾದ ಭಾಗ. ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಕಂಡದ್ದು: ಪಾಲಿಕೋಂಬ್ ಎಂಬ, ಜೀನ್ ಸುಮ್ಮನಿರಿಸುವ ಪ್ರೋಟೀನ್‌ಗಳು 156ನ್ನು ತಯಾರಿಸುವ ಜೀನ್‌ಗಳಿರುವ ಜಾಗದಲ್ಲಿ, ಡಿಎನ್‌ಎ ಸುತ್ತಿಕೊಂಡಿರುವ ಎಚ್3 ಎಂಬ ಹಿಸ್ಟೋನ್ ಪ್ರೋಟೀನ್‌ನ 27ನೇ ಸ್ಥಾನದಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ 3 ಮಿಥೈಲ್ ಗುಂಪುಗಳನ್ನು (ಪುಟ್ಟ ರಾಸಾಯನಿಕ ಗುರುತು) ಅಂಟಿಸುತ್ತವೆ. ಈ ಗುರುತು ಜಾಸ್ತಿಯಾದಂತೆ ಆ ಜೀನ್‌ಗಳು ಸುಮ್ಮನಾಗುತ್ತವೆ. ಎಸ್‌ಪಿಎಲ್‌ನ ಬಾಯಿ ಮುಚ್ಚಿಸುತ್ತಿದ್ದದ್ದರ ಬಾಯಿಯನ್ನೇ ಪಾಲಿಕೋಂಬ್ ಮುಚ್ಚಿಸಿತು, ಅಲ್ವಾ?

ಇನ್ನೊಂದು ಕುಂಡವನ್ನು ನೆರಳಿನಲ್ಲಿಟ್ಟು ಹೋಲಿಸಿ ನೋಡಿ, ಇದನ್ನು ಬಿಡಲೇಬೇಡಿ. ಎಲೆಗಳು ತಯಾರಿಸುವ ಸಕ್ಕರೆಯೂ 156ನ್ನು ಇಳಿಸುತ್ತದೆ, ಹಾಗಾಗಿ ನೆರಳಿನ ಸಸಿ ಗರಿಯ ಎಲೆಗಳನ್ನೇ ಇನ್ನೂ ಕೆಲವು ಜಾಸ್ತಿ ಬಿಡಬೇಕು. ಇದೇ ಕಾರಣಕ್ಕೆ ಮೊದಲ ಎಲೆಗಳನ್ನು ಚಿವುಟಬೇಡಿ, ಲೆಕ್ಕ ತಪ್ಪುತ್ತದೆ. ದಿನಗಳನ್ನೂ ಹೋಲಿಸಬೇಡಿ. ನೆರಳಿನಲ್ಲಿ ಗಿಡ ಹೇಗೂ ನಿಧಾನ. ಎಷ್ಟನೇ ಎಲೆಯಲ್ಲಿ ತೊಟ್ಟು ಚಪ್ಪಟೆಯಾಯಿತು ಅನ್ನುವುದನ್ನೇ ಎರಡರಲ್ಲೂ ನೋಡಿ.