ಪಟ್ಟಿಯಿಂದ ವರುಣನನ್ನು ಹೊಡೆದು ಹಾಕಿದೆ

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಎಡಕ್ಕೆ ವೇದದ ದೇವರು, ಬಲಕ್ಕೆ ಗ್ರೀಸ್, ರೋಮ್, ಐಸ್‌ಲೆಂಡ್ ಕಡೆಯ ದೇವರು. ಇಂಡೋ-ಯುರೋಪಿಯನ್, ಅಂದರೆ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮುಂತಾದ ಒಂದೇ ಮೂಲದ ಭಾಷೆಗಳನ್ನಾಡಿದವರ ಪುರಾಣಗಳನ್ನು ಹೋಲಿಸುವ ಹುಚ್ಚು ಹತ್ತಿದಾಗ ಶುರು ಮಾಡಿದ್ದು. ಮೊದಲ ಸಾಲು ಸಲೀಸು: ವೇದದ ದ್ಯೌಃ ಪಿತಾ, ಗ್ರೀಕರ ಜ್ಯೂಸ್ ಪಾತೇರ್, ರೋಮನ್ನರ ಜುಪಿಟರ್. ಎರಡನೆಯದು ಮುಂಜಾವಿನ ದೇವತೆಯರು: ಉಷಸ್, ಈಓಸ್, ಅರೋರಾ. ಆಮೇಲೆ ಕೈಗೆ ಲಂಗುಲಗಾಮು ಇರಲಿಲ್ಲ. ವರುಣ–ಊರನೋಸ್ (ಗ್ರೀಕರ ಆಕಾಶದೇವರು) ಬರೆದೆ. ಗಂಧರ್ವ–ಕೆಂತೌರೋಸ್ (ಗ್ರೀಕರ ಅರ್ಧ ಕುದುರೆ, ಅರ್ಧ ಮನುಷ್ಯ) ಬರೆದೆ. ನೋಡನೋಡುತ್ತ ಮೂರು ಪುಟ ತುಂಬಿತು.

ಭಾಷಾಶಾಸ್ತ್ರ ಓದಿದ ಗೆಳೆಯನಿಗೆ ತೋರಿಸಿದೆ. ಅವನು ಮೊದಲು ಪೆನ್ಸಿಲ್ ಕೇಳಿದ. "ದ್ಯೌಸ್‌ನ ಆ 'ದ್ಯ' ಗ್ರೀಕ್‌ನಲ್ಲಿ 'ಜ್ಯ' ಥರ ಆಗೋದಕ್ಕೆ ಒಂದು ನಿಯಮ ಇದೆ ಕಣೋ. ಬೇರೆ ಪದಗಳಲ್ಲೂ ಅದೇ ನಡೆಯುತ್ತೆ. ವರುಣನಿಗೆ ಯಾವ ನಿಯಮ ಇಟ್ಟಿದ್ದೀಯ, ಹೇಳು." ನನ್ನ ಹತ್ತಿರ ಇದ್ದದ್ದು ಕಿವಿ ಮಾತ್ರ. ಮೂರು ಪುಟದಲ್ಲಿ ಉಳಿದದ್ದು ಅರ್ಧ ಪುಟ.

ಈ ಹಳ್ಳಕ್ಕೆ ದೊಡ್ಡವರೂ ಬಿದ್ದಿದ್ದಾರೆ. 1856ರಲ್ಲಿ ಮ್ಯಾಕ್ಸ್ ಮುಲ್ಲರ್ ಈ ವಿಷಯದ ಮೇಲೆ ಹೆಸರಾಂತ ಪ್ರಬಂಧ ಬರೆದರು. ಅವರಿಗೆ ಯಾವ ಕಥೆ ಕೆದಕಿದರೂ ಸೂರ್ಯನೋ ಮುಂಜಾವೋ ಕಾಣುತ್ತಿತ್ತು. 1870ರಲ್ಲಿ ಲಿಟಲ್‌ಡೇಲ್ ಎಂಬ ಪಾದ್ರಿ ಅದೇ ವಿಧಾನ ಹಿಡಿದು, ಮ್ಯಾಕ್ಸ್ ಮುಲ್ಲರ್ ಅನ್ನುವವರೇ ಒಂದು ಸೂರ್ಯನ ಕಥೆ ಎಂದು ಸಾಧಿಸಿಬಿಟ್ಟರು! ಓದಿ ನಕ್ಕೆ. ಆಮೇಲೆ ನನ್ನ ನೋಟ್‌ಬುಕ್ ನೆನಪಾಯಿತು.

ಹೆಸರಿನ ಸಹವಾಸ ಬೇಡ, ಕಥೆಯ ಒಳಗಿನ ಜೋಡಣೆ ಹೋಲಿಸೋಣ ಅಂತ ಜಾರ್ಜ್ ಡ್ಯುಮೆಝಿಲ್ ಕಡೆ ಹೊರಳಿದೆ. ಈ ಫ್ರೆಂಚ್ ವಿದ್ವಾಂಸರ ಪ್ರಕಾರ ಇಂಡೋ-ಯುರೋಪಿಯನ್ನರು ದೇವರನ್ನೂ ಸಮಾಜವನ್ನೂ ಮೂರು ಕೆಲಸಗಳಾಗಿ ಕಂಡರು: ಪೂಜೆ ಮತ್ತು ಆಳ್ವಿಕೆ, ಯುದ್ಧ, ಬೆಳೆ-ಸಮೃದ್ಧಿ. ಸಿರಿಯಾ ಕಡೆ ಇದ್ದ ಮಿತನ್ನಿ ರಾಜ್ಯದ ಕ್ರಿ.ಪೂ. 14ನೇ ಶತಮಾನದ ಒಪ್ಪಂದದಲ್ಲಿ ಸಾಕ್ಷಿಗೆ ಕರೆದ ದೇವರನ್ನು ನೋಡಿ: ಮಿತ್ರ-ವರುಣ, ಇಂದ್ರ, ನಾಸತ್ಯರು (ಅಶ್ವಿನಿ ದೇವತೆಗಳು). ಅದೇ ಕ್ರಮ! 1947ರಲ್ಲಿ ಸ್ವೀಡನ್ನಿನ ವಿದ್ವಾಂಸ ಸ್ಟಿಗ್ ವಿಕಾಂಡರ್ ಪಾಂಡವರನ್ನೂ ಇದೇ ಮೂರು ಮನೆಗಳಲ್ಲಿ ಕೂರಿಸಿದರು. ಧರ್ಮರಾಯ ಮೊದಲನೆಯದು, ಭೀಮಾರ್ಜುನರು ಎರಡನೆಯದು, ನಕುಲ ಸಹದೇವರು ಮೂರನೆಯದು. ಸುಳ್ಳು ಯಾಕೆ ಹೇಳಲಿ, ಮೈ ಜುಮ್ಮೆಂದಿತ್ತು.

ಆ ಗುಂಗು ಇಳಿಸಿದ್ದು ಸಂಸ್ಕೃತ ವಿದ್ವಾಂಸ ಜಾನ್ ಬ್ರಫ್. 1959ರ ಒಂದು ಲೇಖನದಲ್ಲಿ ಅವರು ಬೈಬಲ್‌ನ ಹಳೆಯ ಒಡಂಬಡಿಕೆಯಲ್ಲೂ ಈ ಮೂರು ಕೆಲಸ ಹುಡುಕಿ ತೆಗೆದರು. ಹೀಬ್ರೂ ಇಂಡೋ-ಯುರೋಪಿಯನ್ ಭಾಷೆಯೇ ಅಲ್ಲ. ಡ್ಯುಮೆಝಿಲ್ ಇದನ್ನು ಒಪ್ಪಲಿಲ್ಲ. ಇಬ್ಬರನ್ನೂ ಸುಮ್ನೆ ನಂಬುವ ಬದಲು ನಾನೇ ಮಾಡಿ ನೋಡಿದೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನ ಸಿಥಿಯನ್ನರ ಒಂದು ಕಥೆ ಹೇಳುತ್ತಾನೆ. ಆಕಾಶದಿಂದ ಚಿನ್ನದ ನೇಗಿಲು, ನೊಗ, ಕೊಡಲಿ, ಬಟ್ಟಲು ಬಿದ್ದವಂತೆ. ಬಟ್ಟಲು ಪೂಜೆಗೆ, ಕೊಡಲಿ ಯುದ್ಧಕ್ಕೆ, ನೇಗಿಲು-ನೊಗ ಬೆಳೆಗೆ. ಸರಿ. ಮುಂದಿನ ಪುಟದಲ್ಲಿ ಜಪಾನಿನ ರಾಜಲಾಂಛನಗಳನ್ನು ಬರೆದೆ: ಕನ್ನಡಿ, ಕತ್ತಿ, ಮಣಿ. ಅವೂ ನೀಟಾಗಿ ಕೂತವು! ಜಪಾನಿನ ವಿದ್ವಾಂಸ ಅತ್ಸುಹಿಕೊ ಯೋಶಿದಾ ಈ ಹೋಲಿಕೆಯನ್ನು ಎಂದೋ ಮಾಡಿದ್ದರು. ಅವರು ಇದನ್ನು ಹುಲ್ಲುಗಾವಲಿನ ಜನರ ಮೂಲಕ ಪೂರ್ವಕ್ಕೆ ಹೋದದ್ದು ಎಂದು ವಿವರಿಸುತ್ತಾರೆ. ಇರಬಹುದು. ನನಗೆ ಕಂಡದ್ದು ಬೇರೆ. ಮೂರು ಡಬ್ಬಿಯ ಬಾಯಿ ಅಷ್ಟು ಅಗಲ ಇದ್ದರೆ ಏನು ಹಾಕಿದರೂ ಒಳಗೆ ಹೋಗುತ್ತೆ, ಅಲ್ವಾ?

ಡ್ಯುಮೆಝಿಲ್ 1930ರ ದಶಕದಲ್ಲಿ ಕಟ್ಟಾ ಬಲಪಂಥದ ಕಡೆ ಒಲಿದಿದ್ದರೇ ಎಂಬುದರ ಮೇಲೂ ಜಗಳ ಇದೆ. ಇಟಲಿಯ ಇತಿಹಾಸಕಾರರಾದ ಮೊಮಿಲ್ಯಾನೊ, ಗಿನ್ಸ್‌ಬರ್ಗ್ ಬೊಟ್ಟು ಮಾಡಿದರು, ಡ್ಯುಮೆಝಿಲ್ ಅಲ್ಲಗಳೆದರು. ಓದಿದೆ, ಆದರೆ ನನ್ನ ಪಟ್ಟಿಯ ಒಂದು ಸಾಲೂ ಅದರಿಂದ ಉಳಿಯಲಿಲ್ಲ, ಅಳಿಯಲೂ ಇಲ್ಲ.

ಈಗ ಜೋಡಿ ಸಿಕ್ಕಿದ ಕೂಡಲೇ ಬರೆಯುವುದಿಲ್ಲ. ಮೊದಲು ಅದನ್ನು ಸಂಬಂಧವಿಲ್ಲದ ಒಂದು ಭಾಷೆಯ ಕಥೆಗೆ ಹಚ್ಚಿ ನೋಡುತ್ತೇನೆ. ಅಲ್ಲೂ ಅಂಟಿದರೆ ಬಿಡುತ್ತೇನೆ. ನನಗೆ ಜಾಸ್ತಿ ನಂಬಿಕೆ ಬರುವುದು ಪದವೂ ಸಂದರ್ಭವೂ ಒಟ್ಟಿಗೆ ಬಂದಾಗ. ಅಮೆರಿಕದ ಭಾಷಾಶಾಸ್ತ್ರಜ್ಞ ಕ್ಯಾಲ್ವರ್ಟ್ ವಾಟ್ಕಿನ್ಸ್ 1995ರ ಪುಸ್ತಕದಲ್ಲಿ ಮಾಡಿದ್ದು ಅದನ್ನೇ. ಋಗ್ವೇದದ ಇಂದ್ರ ಹಾವನ್ನು ಕೊಂದಾಗ 'ಅಹನ್ನಹಿಂ', ಅಂದರೆ 'ಹಾವನ್ನು ಕೊಂದ'. ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾದಲ್ಲಿ 'ಜನತ್ ಅಝೀಂ'. ಗ್ರೀಕರು ಹಾವುಗೂದಲಿನ ರಾಕ್ಷಸಿ ಗೋರ್ಗನ್‌ಳನ್ನು ಕೊಂದ ವೀರನಿಗೆ ಬಳಸುವ 'ಎಪೆಫ್ನೆನ್' ಕೂಡ ಅದೇ ಧಾತುವಿನದು. ರಾಕ್ಷಸ-ಹಾವು ಎಲ್ಲ ಕಡೆ ಇವೆ, ಆದರೆ ಅದನ್ನು ಕೊಲ್ಲುವ ಮಾತೇ ಒಂದಾಗಿರುವುದು ಎಲ್ಲ ಕಡೆ ಇಲ್ಲ.

ಯಮನ ಸಾಲಿನಲ್ಲಿ ಮಾತ್ರ ಇನ್ನೂ ಸಿಕ್ಕಿಕೊಂಡಿದ್ದೇನೆ. ಯಮ, ಐಸ್‌ಲೆಂಡಿನ ಕಥೆಗಳ ದೈತ್ಯ ಯೂಮಿರ್, ಎರಡು ಹೆಸರಿಗೂ ಮೂಲ 'ಅವಳಿ' ಅನ್ನುತ್ತಾರೆ. ಧ್ವನಿನಿಯಮ ಅಡ್ಡ ಬರುವುದಿಲ್ಲ. ಯೂಮಿರ್‌ನನ್ನು ಕೊಂದು ದೇವರು ಜಗತ್ತು ಮಾಡಿದರು. ತಲೆಬುರುಡೆ ಆಕಾಶ, ರಕ್ತ ಕಡಲು. ಆದರೆ ಋಗ್ವೇದದಲ್ಲಿ ಹಾಗೆ ಹಂಚಿಹೋದವನು ಯಮನಲ್ಲ, ಪುರುಷ. 1975ರಲ್ಲಿ ಅಮೆರಿಕದ ಧರ್ಮೇತಿಹಾಸಕಾರ ಬ್ರೂಸ್ ಲಿಂಕನ್ ಯಮ, ಪುರುಷ ಇಬ್ಬರನ್ನೂ ಒಂದೇ ಹಳೆಯ ಕಥೆಗೆ ಹೊಲಿದರು. ಮುಂದೆ ಇಂಥ ಹೊಲಿಗೆಯನ್ನೇ ಕಟುವಾಗಿ ಟೀಕಿಸಿದವರೂ ಅವರೇ. ನಾನು ನನ್ನ ನಿಯಮದಂತೆ ದೇಹ ಜಗತ್ತಾಗುವ ಈ ಕಥೆಯನ್ನು ಚೀನಾದ ಆದಿದೈತ್ಯ ಪಾನ್‌ಗುವಿನ ಕಥೆಗೆ ಹಚ್ಚಿದೆ. ಅವನ ಕಣ್ಣು ಸೂರ್ಯ-ಚಂದ್ರ, ಉಸಿರು ಗಾಳಿ. ಅಂಟಿತು. ಹಾಗಾಗಿ ಯಮ–ಯೂಮಿರ್ ಪೆನ್ನಿನಲ್ಲಿದೆ, ಪುರುಷ–ಯೂಮಿರ್ ಪೆನ್ಸಿಲ್‌ನಲ್ಲಿ.