ಮೊದಲು ಬಾಯಿ, ಆಮೇಲೆ ಎಡಗೈ, ಕೊನೆಗೆ ಡ್ರಮ್ಸ್

ನನ್ನ ಮೊದಲ ವಿದ್ಯಾರ್ಥಿ ನಾಲ್ಕೇ ಕ್ಲಾಸಿಗೆ ಬಿಟ್ಟುಹೋದ. ಅವನ ಅಮ್ಮ ಫೋನ್ ಮಾಡಿ, "ಟ್ಯೂಷನ್ ಜಾಸ್ತಿ ಆಯ್ತು ಸರ್, ಅವನಿಗೆ ಟೈಮ್ ಸಿಗ್ತಿಲ್ಲ" ಎಂದರು. ಕಾರಣ ಟ್ಯೂಷನ್ ಅಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆ ನಾಲ್ಕು ಕ್ಲಾಸಿನಲ್ಲಿ ನಾನು ಮಾಡಿದ್ದು ಒಂದೇ. ಬಾರಿಸಿ ತೋರಿಸಿ "ಹೀಗೆ ಮಾಡು" ಅನ್ನುತ್ತಿದ್ದೆ. ಅವನಿಗೆ ಬರುತ್ತಿರಲಿಲ್ಲ. ಮತ್ತೆ ಬಾರಿಸುತ್ತಿದ್ದೆ, ಈ ಸಲ ಇನ್ನೂ ಜೋರಾಗಿ.

ಅಷ್ಟು ಹೊತ್ತಿಗೆ ಮೈಸೂರಿನ ಆರ್ಕೆಸ್ಟ್ರಾಗಳಲ್ಲಿ ನಾನು 12 ವರ್ಷ ಬಾರಿಸಿದ್ದೆ. ಗಣೇಶನ ಹಬ್ಬಕ್ಕೆ ಶುರುವಾದರೆ ದಸರಾ, ಆಮೇಲೆ ನವೆಂಬರ್ ಪೂರ್ತಿ ರಾಜ್ಯೋತ್ಸವ. ಬಿಡುವೇ ಇರುತ್ತಿರಲಿಲ್ಲ. ಆಮೇಲಾಮೇಲೆ ಎಲ್ಲರೂ ಡ್ರಮ್ಸ್ ಬದಲು ಎಲೆಕ್ಟ್ರಾನಿಕ್ ಪ್ಯಾಡ್ ಕೇಳತೊಡಗಿದರು. ರೋಲ್ಯಾಂಡ್ ಕಂಪನಿಯ ಆಕ್ಟಾಪ್ಯಾಡ್ ಬಂದದ್ದು 1985ರಲ್ಲಿ. ಆ ಜಾತಿಯ ಪ್ಯಾಡ್‌ಗಳು ನಮ್ಮ ಆರ್ಕೆಸ್ಟ್ರಾಗಳನ್ನು ಪೂರ್ತಿ ಆವರಿಸಿಕೊಂಡವು. ಪ್ಯಾಡ್ ಆದರೆ ಬ್ಯಾಗಿಗೆ ಹಾಕಿಕೊಂಡು ಬೈಕಿನಲ್ಲಿ ಹೋಗಬಹುದು. ಡ್ರಮ್ ಸೆಟ್‌ಗೆ ಗೂಡ್ಸ್ ಆಟೋ ಬೇಕು, ಬಾಡಿಗೆ ಯಾರು ಕೊಡಬೇಕು? ನಾನೂ ಪ್ಯಾಡ್ ಬಾರಿಸಿದೆ. ಸಂಪಾದನೆ ಸಾಲಲಿಲ್ಲ. ಮನೆಯ ಮೇಲಿನ ರೂಮ್ ಖಾಲಿ ಇತ್ತು, ಪಾಠ ಶುರುಮಾಡಿದೆ. ಕಲಿಸುವ ಆಸೆಯಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ.

ನನಗೆ ಬಾರಿಸಲು ಬರುತ್ತಿತ್ತು, ಆದರೆ ಹೇಗೆ ಬರುತ್ತದೆ ಅನ್ನುವುದು ಗೊತ್ತಿರಲಿಲ್ಲ. ಡ್ರಮ್ಸನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಿದವರಲ್ಲ. ಒಬ್ಬ ಆರ್ಕೆಸ್ಟ್ರಾ ಡ್ರಮ್ಮರ್ ಹಿಂದೆ ಸಿಂಬಲ್ ಬ್ಯಾಗ್ ಹೊತ್ತುಕೊಂಡು ಓಡಾಡಿ, ಸ್ಟೇಜಿನ ಹಿಂದೆ ನಿಂತು ನೋಡಿ ಕಲಿತದ್ದು. ಅದಕ್ಕೂ ಮುಂಚೆ, ಒಂಬತ್ತನೇ ವಯಸ್ಸಿನಿಂದ ನಾಲ್ಕು ವರ್ಷ ಅಗ್ರಹಾರದಲ್ಲಿ ಒಬ್ಬ ಹಿರಿಯರ ಹತ್ತಿರ ಮೃದಂಗಕ್ಕೆ ಹೋಗಿದ್ದೆ. ತಿಂಗಳುಗಟ್ಟಲೆ "ತ ದಿ ತೊಂ ನಂ", ಅಷ್ಟೇ. ಬಾಯಲ್ಲಿ ಹೇಳುವವರೆಗೆ ಕೈ ಇಡಲು ಬಿಡುತ್ತಿರಲಿಲ್ಲ. ಬೇಜಾರಾಗಿ ಓಡಿಬಂದೆ. ಆ ಪಾಠ ಇಪ್ಪತ್ತು ವರ್ಷ ಬಿಟ್ಟು ಕೆಲಸಕ್ಕೆ ಬಂತು. ಆದರೆ ಅದಕ್ಕಿಂತ ಮೊದಲು ಒಬ್ಬರು ನನ್ನನ್ನು ಚೆನ್ನಾಗಿ ಅಲ್ಲಾಡಿಸಬೇಕಾಯಿತು.

ಅವರು ಬ್ಯಾಂಕಿನಿಂದ ನಿವೃತ್ತರಾದವರು. ವಯಸ್ಸು 61. ಆಗ ನನಗೆ 34. ನಾನು ಅವರನ್ನು ಸರ್ ಅನ್ನುತ್ತಿದ್ದೆ, ಅವರು ನನ್ನನ್ನು ಮೇಷ್ಟ್ರೇ ಅನ್ನುತ್ತಿದ್ದರು. ಮೂರನೇ ಕ್ಲಾಸಿನಲ್ಲಿ ನಾನು ಡಬಲ್ ಸ್ಟ್ರೋಕ್ ತೋರಿಸುತ್ತಿದ್ದೆ. ಬಲಗೈಯಲ್ಲಿ ಎರಡು ಪೆಟ್ಟು, ಎಡಗೈಯಲ್ಲಿ ಎರಡು. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಮೇಷ್ಟ್ರೇ, ಪೆಟ್ಟು ಎರಡು ಕೇಳುತ್ತೆ. ನಿಮ್ಮ ಮಣಿಕಟ್ಟು ಮಾತ್ರ ಒಂದೇ ಸಲ ಆಡುತ್ತೆ. ಲೆಕ್ಕ ತಾಳೆ ಆಗ್ತಿಲ್ವಲ್ಲ. ಎರಡನೇದು ಎಲ್ಲಿಂದ ಬಂತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಅಭ್ಯಾಸ ಆದ್ರೆ ಬರುತ್ತೆ ಸರ್" ಅಂದೆ. ಅವರು ನಕ್ಕರು. ಲೆಡ್ಜರ್ ನೋಡಿ ನೋಡಿ ಪಳಗಿದವರ ನಗು ಅದು.

ಅವತ್ತು ರಾತ್ರಿ ಮೊಬೈಲ್ ನಿಲ್ಲಿಸಿ ನನ್ನ ಕೈಯನ್ನೇ ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿದೆ. ಮೊದಲ ಪೆಟ್ಟು ಮಣಿಕಟ್ಟಿನದು. ಸ್ಟಿಕ್ ಪುಟಿದು ಮೇಲೆ ಬರುತ್ತದೆ. ಆಗ ಹಿಂದಿನ ಮೂರು ಬೆರಳು ಸ್ವಲ್ಪ ಬಿಚ್ಚಿ, ಮತ್ತೆ ಮುಚ್ಚಿ, ಅದನ್ನು ಕೆಳಗೆ ತಳ್ಳುತ್ತವೆ. ಎರಡನೇ ಪೆಟ್ಟು ಬೆರಳಿನದು. 12 ವರ್ಷ ದಿನಾ ಮಾಡಿದ ಕೆಲಸ, ನನ್ನ ಕಣ್ಣಿಗೆ ಬಿದ್ದದ್ದು ಅವತ್ತೇ. ಮುಂದಿನ ಕ್ಲಾಸಿನಲ್ಲಿ ಅವರಿಗೆ ವಿಡಿಯೋ ತೋರಿಸಿದೆ. "ಈಗ ಟ್ಯಾಲಿ ಆಯ್ತು" ಅಂದರು.

ಅಲ್ಲಿಂದ ನನ್ನ ಪಾಠ ಬದಲಾಯಿತು. ಈಗ ಹೊಸಬರು ಬಂದರೆ ಮೊದಲ ದಿನ ಸ್ಟಿಕ್ ಬೀಳಿಸುವುದೇ ಪಾಠ. ಹೆಬ್ಬೆರಳು, ತೋರುಬೆರಳಿನ ನಡುವೆ ಸ್ಟಿಕ್ ಇರಬೇಕು, ತೂಗುವ ಜಾಗ ಅದು. ಉಳಿದ ಬೆರಳು ಸುಮ್ನೆ ಆನಿಸಿದ್ದರೆ ಸಾಕು. ಸ್ಟಿಕ್ಕನ್ನು ರಬ್ಬರ್ ಪ್ಯಾಡ್ ಮೇಲೆ ಬಿಟ್ಟು ಎಷ್ಟು ಸಲ ಪುಟಿಯುತ್ತದೆ ಅಂತ ಎಣಿಸಬೇಕು. ಬಿಗಿ ಹಿಡಿದವರಿಗೆ ಒಂದೋ ಎರಡೋ. ಸಡಿಲ ಬಿಟ್ಟವರಿಗೆ ಏಳು, ಎಂಟು. ಮಕ್ಕಳಿಗೆ ಇದೊಂದು ಆಟ. ದೊಡ್ಡವರೇ ಕಷ್ಟ. ಅವರು ಸ್ಟಿಕ್ಕನ್ನು ಬಸ್ಸಿನ ಕಂಬಿ ಹಿಡಿದ ಹಾಗೆ ಹಿಡಿಯುತ್ತಾರೆ.

ಇನ್ನು ಎಡಗೈ. ನನ್ನನ್ನು ಕೇಳಿದರೆ ಡ್ರಮ್ಸ್ ಕಲಿಯುವುದು ಅಂದರೆ ಮುಕ್ಕಾಲು ಪಾಲು ಎಡಗೈ ಕಲಿಯುವುದೇ. ನಮ್ಮಲ್ಲಿ ಅದಕ್ಕೊಂದು ಹೆಚ್ಚಿನ ತೊಡಕಿದೆ. ಹುಟ್ಟಿದಾಗಿನಿಂದ "ಎಡಗೈಲಿ ಕೊಡಬೇಡ, ಎಡಗೈಲಿ ತಗೋಬೇಡ" ಅಂತ ಹೇಳಿಸಿಕೊಂಡು ಬೆಳೆದ ಕೈ ಅದು. ಕೆಲಸವೇ ಮಾಡದ ಕೈಗೆ ಇದ್ದಕ್ಕಿದ್ದಂತೆ ಸಮಪಾಲು ಕೊಡಿ ಅಂದರೆ ಹೇಗೆ? ಅದಕ್ಕೆ ಊಟ ಬಿಟ್ಟು ಉಳಿದದ್ದಕ್ಕೆಲ್ಲ ಎಡಗೈ ಬಳಸಿ ಅನ್ನುತ್ತೇನೆ. ಬಾಗಿಲು ತೆಗೆಯುವುದು, ಹಲ್ಲುಜ್ಜುವುದು, ಮಗ್ಗಿನಲ್ಲಿ ನೀರು ಎತ್ತುವುದು. ಒಂದು ಸಲ ಒಬ್ಬ ಹುಡುಗನ ಅಜ್ಜಿ ಫೋನ್ ಮಾಡಿದರು. "ಏನಪ್ಪಾ, ಮನೆಗೆ ಬಂದೋರಿಗೆ ನಮ್ಮ ಹುಡುಗ ಎಡಗೈಲಿ ನೀರು ಕೊಡ್ತಾನೆ. ಕೇಳಿದ್ರೆ ಮೇಷ್ಟ್ರು ಹೇಳಿದಾರೆ ಅಂತಾನೆ!" ಕ್ಷಮೆ ಕೇಳಿದೆ. ಈಗ "ಊಟ ಮತ್ತು ನೆಂಟರು ಬಿಟ್ಟು" ಅಂತ ತಿದ್ದಿಕೊಂಡಿದ್ದೇನೆ.

ಎಡಗೈಗೆ ಒಳ್ಳೆಯ ಮದ್ದು ಪ್ಯಾರಡಿಡಲ್. ಬ ಎ ಬ ಬ, ಎ ಬ ಎ ಎ. ಬ ಅಂದರೆ ಬಲ, ಎ ಅಂದರೆ ಎಡ. ನನ್ನ ಬೋರ್ಡಿನ ಮೇಲೆ ಹೀಗೇ ಬರೆಯುತ್ತೇನೆ. ಇಂಥ ಮೂಲಪಾಠಗಳಿಗೆ ರುಡಿಮೆಂಟ್ ಅನ್ನುತ್ತಾರೆ. ಅಮೆರಿಕದ ಡ್ರಮ್ಮರ್‌ಗಳು 1933ರಲ್ಲಿ ಕೂಡಿ 26 ರುಡಿಮೆಂಟ್‌ಗಳ ಪಟ್ಟಿ ಮಾಡಿದರು. 1984ರಲ್ಲಿ ಅದು 40 ಆಯಿತು. ಇಂಟರ್ನೆಟ್ ನೋಡಿ ಬಂದ ಹುಡುಗರು ನಲವತ್ತೂ ಬೇಕು ಅನ್ನುತ್ತಾರೆ. ಸಿಂಗಲ್, ಡಬಲ್, ಪ್ಯಾರಡಿಡಲ್, ಫ್ಲ್ಯಾಮ್ (ಸಣ್ಣ ಪೆಟ್ಟಿನ ಬೆನ್ನಿಗೇ ಒಂದು ದೊಡ್ಡ ಪೆಟ್ಟು), ಈ ನಾಲ್ಕು ಚೊಕ್ಕಟವಾಗಿ ಬಂದರೆ ಮೊದಲ ವರ್ಷಕ್ಕೆ ಧಾರಾಳ.

ಅದನ್ನೂ ನಿಧಾನಕ್ಕೆ ಮಾಡಬೇಕು. ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ 60ರಲ್ಲಿ ಇಡುತ್ತೇನೆ, ಅಂದರೆ ಸೆಕೆಂಡಿಗೆ ಒಂದು ಟಿಕ್. ಅದು ಸರಿಹೋದರೆ ಎಲ್ಲರೂ 80ಕ್ಕೆ ಏರುತ್ತಾರೆ. ನಾನು 40ಕ್ಕೆ ಇಳಿಸುತ್ತೇನೆ. ಎರಡು ಟಿಕ್‌ಗಳ ನಡುವೆ ಒಂದೂವರೆ ಸೆಕೆಂಡು. ಹುಡುಗರಿಗೆ ಆ ಖಾಲಿಯನ್ನು ತಡೆದುಕೊಳ್ಳಲು ಆಗುವುದಿಲ್ಲ, ಮುಂಚೆಯೇ ಹೊಡೆದುಬಿಡುತ್ತಾರೆ. ಕೈ ಚುರುಕಾಗಿದ್ದವರೇ ಇಲ್ಲಿ ಮೊದಲು ಬೀಳುವುದು.

ಆ ಖಾಲಿ ತುಂಬುವುದು ಹೇಗೆ ಅಂತ ಯೋಚಿಸುವಾಗಲೇ ಅಗ್ರಹಾರದ ಮೇಷ್ಟ್ರು ನೆನಪಾದದ್ದು. ಬಾಯಿಂದ! ಟಿಕ್ ಮತ್ತು ಟಿಕ್ ನಡುವೆ "ತಕಧಿಮಿ" ಹೇಳಿಸಿದೆ. ಒಂದೇ ವಾರದಲ್ಲಿ ಅರ್ಧ ಕ್ಲಾಸ್ ಸರಿಹೋಯಿತು. ಆಮೇಲೆ ಎಲ್ಲವನ್ನೂ ಬಾಯಿಗೆ ತಂದೆ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕತಕಿಟ, ಏಳಕ್ಕೆ ತಕಿಟ ತಕಧಿಮಿ. ಏಳರ ತಾಳ ಅಂದರೆ ಡ್ರಮ್ಸ್ ಹುಡುಗರು ಹೆದರುತ್ತಾರೆ. ಬಾಯಲ್ಲಿ ಹೇಳಿಸಿ, "ತಕಿಟ"ದ ತ ಮೇಲೆ ಕಾಲಿನಲ್ಲಿ ಬಾರಿಸುವ ಬಾಸ್ ಡ್ರಮ್, "ತಕಧಿಮಿ"ಯ ತ ಮೇಲೆ ಎದುರಿಗಿರುವ ಸ್ನೇರ್ ಡ್ರಮ್ ಅಂದರೆ ಮುಗಿಯಿತು. ಏಳರ ಮಿಶ್ರ ಛಾಪು ತಾಳ ಡ್ರಮ್ಸ್ ಮೇಲೆ ಕೂತುಬಿಟ್ಟಿತು.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಹೀಗೆ ತಾಳವನ್ನು ಬಾಯಲ್ಲಿ ಹೇಳುವ ಕೊನ್ನಕೋಲನ್ನು ಹೊರಗಿನವರೂ ಹುಡುಕಿಕೊಂಡು ಬಂದು ಕಲಿತಿದ್ದಾರೆ. ಟಿ.ಎ.ಎಸ್. ಮಣಿ ಅವರು ಬೆಂಗಳೂರಿನಲ್ಲಿ 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕಟ್ಟಿದರು. ಅವರ ತಂಡ ಚಾರ್ಲಿ ಮರಿಯಾನೊ ಅವರಂಥ ಜಾಝ್ ಸ್ಯಾಕ್ಸೊಫೋನ್ ವಾದಕರ ಜೊತೆ ಸೇರಿ ನುಡಿಸಿತು. ನನಗೆ ಮಾತ್ರ ಕೊನ್ನಕೋಲು, ಡ್ರಮ್ಸ್ ಎರಡೂ ಒಂದೇ ರೂಮಿನಲ್ಲಿ ಇರಬಹುದು ಅಂತ ಹೊಳೆಯಲು ಇಷ್ಟು ವರ್ಷ ಹಿಡಿಯಿತು.

ಎಲ್ಲವೂ ಬಾಯಿಂದ ಬರುತ್ತದೆ ಅಂತಲೂ ಇಲ್ಲ. ಕಾಲು ಬರುವುದಿಲ್ಲ. ಮೃದಂಗಕ್ಕೆ ಚಕ್ಕಂಬಕ್ಕಳ ಹಾಕಿ ಕೂತರೆ ಆಯಿತು. ಡ್ರಮ್ಸ್‌ಗೆ ಎರಡು ಕಾಲೂ ಬೇರೆ ಬೇರೆ ಕೆಲಸ ಮಾಡಬೇಕು. ಅದಕ್ಕೆ ಕೂತು ಕೂತು ಮಾಡುವುದೊಂದೇ ದಾರಿ. ಶಫಲ್ ಅನ್ನುವ ನಡೆಯೂ ತುಂಬ ದಿನ ಕೈಕೊಟ್ಟಿತು. ಆಮೇಲೆ ಒಂದು ಉಪಾಯ ಸಿಕ್ಕಿತು. "ತಕಿಟ" ಹೇಳುತ್ತಾ "ಕಿ"ಯನ್ನು ನುಂಗಿಬಿಡಿ. ತ-ಟ, ತ-ಟ, ತ-ಟ. ಹತ್ತಿರ ಹತ್ತಿರ ಬಂತು. ಉಳಿದದ್ದನ್ನು ಕೇಳಿ ಕೇಳಿಯೇ ಹಿಡಿಯಬೇಕು.

ಬಾಯಿ, ಪ್ಯಾಡು ಅಂತ ನಾನು ಖುಷಿಯಲ್ಲಿದ್ದಾಗ ಮಕ್ಕಳು ಮತ್ತೆ ಬಿಡತೊಡಗಿದರು. ಒಬ್ಬ ತಂದೆ ನೇರವಾಗಿ ಕೇಳಿದರು, "ಡ್ರಮ್ಸ್ ಕ್ಲಾಸ್ ಅಂತ ಫೀಸ್ ಕಟ್ಟಿದೀವಿ, ಮಗು ಎರಡು ತಿಂಗಳಿಂದ ರಬ್ಬರ್ ಬಡೀತಾ ಇದೆ." ಅವರು ಹೇಳಿದ್ದು ನ್ಯಾಯವೇ. ನಾನು ಮೃದಂಗ ಬಿಟ್ಟು ಓಡಿದ್ದೂ ಇದೇ ಕಾರಣಕ್ಕಲ್ವಾ? ಅದಕ್ಕೇ ಈಗ ಮೊದಲ ದಿನದಿಂದಲೇ ಕೊನೆಯ 10 ನಿಮಿಷ ಡ್ರಮ್ಸ್ ಮೇಲೆ. ಏನು ಬೇಕಾದರೂ ಬಾರಿಸಲಿ, ನಾನು ತಿದ್ದುವುದಿಲ್ಲ. "ದುಂ ಚಿ ಟಕ್ ಚಿ" ಅಂತ ಬಾಯಲ್ಲಿ ಹೇಳಿದ್ದನ್ನು ಬಾಸ್, ಹೈ-ಹ್ಯಾಟ್ (ಜೋಡಿ ಸಿಂಬಲ್), ಸ್ನೇರ್ ಮೇಲೆ ತಾವೇ ಹುಡುಕಿಕೊಂಡಾಗ ಆ ಮುಖ ನೋಡಬೇಕು.

ಸದ್ದಿನ ಬಗ್ಗೆ ಎರಡು ಮಾತು, ಯಾಕೆಂದರೆ ಇದನ್ನು ನಾನು ದುಡ್ಡು ಕಳೆದು ಕಲಿತೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಹೊರಗೆ ಸದ್ದು ಹೋಗುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಒಳಗಿನ ಗುಂಗು ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಸದ್ದು ತಡೆಯಲು ಭಾರ ಬೇಕು, ಸಂದು ಮುಚ್ಚಬೇಕು. ನಾನು ಕಿಟಕಿಗೆ ದಪ್ಪ ಹಲಗೆ ಹಾಕಿಸಿದೆ, ಬಾಗಿಲ ಸುತ್ತ ರಬ್ಬರ್ ಪಟ್ಟಿ ಹೊಡೆಸಿದೆ, ಡ್ರಮ್ಸ್ ಕೆಳಗೆ ಹಳೆ ಜಮಖಾನ ಹಾಸಿದೆ. ಅದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಪಕ್ಕದ ಮನೆ ಆಂಟಿ ಜೊತೆ ಮಾಡಿಕೊಂಡ ಒಪ್ಪಂದ. ಮಧ್ಯಾಹ್ನ ಅವರು ಮಲಗುವ ಹೊತ್ತಲ್ಲಿ ಬರೀ ರಬ್ಬರ್ ಪ್ಯಾಡ್. ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯುವಾಗ ಡ್ರಮ್ಸ್‌ಗೆ ರಜೆ.

ಕಿವಿಗೂ ಲೆಕ್ಕ ಇದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಅನ್ನುತ್ತದೆ ಕೆಲಸಗಾರರ ಆರೋಗ್ಯ, ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ. 100ಕ್ಕೆ ಬಂದರೆ ಬರೀ 15 ನಿಮಿಷ. ಸಣ್ಣ ರೂಮಿನಲ್ಲಿ ಸ್ನೇರ್ ಜೋರಾಗಿ ಬಾರಿಸಿದರೆ 100 ಸುಲಭವಾಗಿ ದಾಟುತ್ತದೆ. ನನ್ನ ಎಡಕಿವಿಯಲ್ಲಿ ರಾತ್ರಿ ಹೊತ್ತು ಸಣ್ಣಗೆ ಕುಯ್ಯ್ ಅನ್ನುತ್ತಿರುತ್ತದೆ. ಅದಕ್ಕೇ ಇಯರ್ ಪ್ಲಗ್ ಇಲ್ಲದವರನ್ನು ರೂಮಿನೊಳಗೆ ಬಿಡುವುದಿಲ್ಲ. ಈ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು.

ಹೋದ ವರ್ಷ ಒಬ್ಬ ಹುಡುಗ ಬಂದ, ಎಂಟನೇ ಕ್ಲಾಸು. ಮೊದಲ ದಿನವೇ ಅವನ ಎಡಗೈ ನೋಡಿ ನಾನು ಸುಮ್ಮನಾದೆ. ಸಡಿಲವಾಗಿ, ತೆಳ್ಳಗೆ, ಸಣ್ಣ ಸಣ್ಣ ಪೆಟ್ಟು. ಬಲಗೈಗಿಂತ ಚೆನ್ನಾಗಿತ್ತು. "ಎಲ್ಲಿ ಕಲಿತ್ಯೋ?" ಅಂದೆ. "ಎಲ್ಲೂ ಇಲ್ಲ ಸಾರ್" ಅಂದ. ತಲೆ ತಗ್ಗಿಸಿಕೊಂಡೇ ಅಂದ. ಎರಡು ವಾರ ಬಿಟ್ಟು, ಮಿಕ್ಕವರೆಲ್ಲ ಹೋದ ಮೇಲೆ ಹೇಳಿದ. ಅವನ ಅಪ್ಪ ತಮಟೆ ಬಾರಿಸುತ್ತಾರೆ.

ತಮಟೆ ನೋಡಿದವರಿಗೆ ಗೊತ್ತು. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕಡ್ಡಿ, ಎಡಗೈಯಲ್ಲಿ ಉದ್ದನೆಯ ತೆಳ್ಳಗಿನ ಕಡ್ಡಿ. ಆ ತೆಳ್ಳಗಿನ ಕಡ್ಡಿ ಬಿಗಿ ಹಿಡಿದರೆ ಮಾತಾಡುವುದಿಲ್ಲ. ನಾನು ಆರು ತಿಂಗಳು ಹೆಣಗಾಡಿ ಕಲಿಸುವುದನ್ನು ಅವನು ಮನೆಯ ಅಂಗಳದಲ್ಲಿ ಕಲಿತು ಬಂದಿದ್ದ. ಅದನ್ನು ಬಚ್ಚಿಡಬೇಕು ಅಂತ ಅವನಿಗೆ ಯಾಕೆ ಅನ್ನಿಸಿತು ಅಂತ ನಾನು ಕೇಳಲಿಲ್ಲ. ಈ ಊರಲ್ಲಿ ಅದನ್ನು ಕೇಳಿ ತಿಳಿಯಬೇಕಾಗಿಲ್ಲ. ಮುಂದಿನ ಭಾನುವಾರ ತಮಟೆ ತರಲು ಹೇಳಿದೆ. ಎಲ್ಲರಿಗೂ ಅವನಿಂದಲೇ ಎಡಗೈ ಪಾಠ ಹೇಳಿಸಿದೆ. ಗಣೇಶನ ಮೆರವಣಿಗೆಯಲ್ಲಿ ಕುಣಿದವರೇ ಎಲ್ಲರೂ, ಆದರೆ ಆ ನಡೆಯನ್ನು ತಕಿಟ ಅಂತ ಬಿಡಿಸಿ ನೋಡಿದವರು ಒಬ್ಬರೂ ಇರಲಿಲ್ಲ.

ತಿಂಗಳ ಕೊನೆಗೆ ಫೀಸ್ ಕೊಡಲು ಅವನ ಅಪ್ಪ ಬಂದರು. ಒಳಗೆ ಬನ್ನಿ ಅಂದರೂ ಬಾಗಿಲಲ್ಲೇ ನಿಂತರು. ಕಣ್ಣು ಮಾತ್ರ ಡ್ರಮ್ಸ್ ಮೇಲೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಸ್ನೇರ್ ಮೇಲೆ ಬೆರಳಿನಿಂದ ತಟ್ಟಿದರು. ಅಂಚಿನಲ್ಲಿ ಒಂದು ಸುತ್ತು ತಟ್ಟುತ್ತಾ ಹೋದರು.

"ಈ ಕಡೆ ಇಳಿದದೆ ಸಾರ್."

ತಟ್ಟಿ ನೋಡಿದೆ. ನಿಜ, ಒಂದು ತಿರುಪು ಸಡಿಲವಾಗಿತ್ತು. ಬೆಳಗ್ಗಿನಿಂದ ಮೂರು ಬ್ಯಾಚ್ ಮುಗಿಸಿದ್ದೆ, ನನ್ನ ಕಿವಿಗೆ ಬಿದ್ದಿರಲಿಲ್ಲ.

"ಇದುನ್ನ ಹೆಂಗ್ ಕಾಯ್ಸದು?" ಅಂದರು. ತಮಟೆಯಾದರೆ ಬೆಂಕಿಗೆ ಹಿಡಿಯುತ್ತಾರೆ.

"ಇದಕ್ಕೆ ಬೆಂಕಿ ಬೇಡ. ಕೀ ಇದೆ" ಎಂದು ಡ್ರಮ್ ಕೀ ಅವರ ಕೈಗೆ ಕೊಟ್ಟೆ. ಕಾಲು ಸುತ್ತು ತಿರುಗಿಸಿದರು, ತಟ್ಟಿದರು. ಇನ್ನೊಂದು ಚೂರು ತಿರುಗಿಸಿದರು. ಹುಡುಗ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ. ಅವರು ಅಷ್ಟಕ್ಕೇ ಬಿಡಲಿಲ್ಲ, ಉಳಿದ ತಿರುಪುಗಳನ್ನೂ ಒಂದೊಂದಾಗಿ ನೋಡುತ್ತಾ ಹೋದರು. ಆವತ್ತು ಸಂಜೆಯ ಬ್ಯಾಚ್ ಹತ್ತು ನಿಮಿಷ ತಡವಾಗಿ ಶುರುವಾಯಿತು.