ಎಲ್ಲರನ್ನೂ ನೋಡಿಕೊಳ್ಳುವ ನಿಮ್ಮ ಮೈಯನ್ನು ನೋಡುವವರು ಯಾರು?

ಗಂಡನ ಮಾತ್ರೆಯ ಹೊತ್ತು ತಪ್ಪುವುದಿಲ್ಲ, ತನ್ನ ಬಿ.ಪಿ. ಯಾವಾಗ ತೋರಿಸಿದ್ದು ಎಂಬುದು ಮಾತ್ರ ನೆನಪಿಲ್ಲ. ಮಗ ಕುಡಿದು ಬಂದರೆ ತನ್ನದೇ ತಪ್ಪೆಂಬ ಸಂಕಟ. ಬೇರೆಯವರ ಮುಖ ಸಪ್ಪಗಾದರೆ ರಾತ್ರಿಯಿಡೀ ನಿದ್ದೆಯಿಲ್ಲ. ಅರವತ್ತು ದಾಟಿದ ಎಷ್ಟೋ ಹೆಂಗಸರ ಬದುಕು ಹೀಗೇ ಸಾಗಿದೆ. ತನ್ನನ್ನು ಮರೆತು ಬೇರೆಯವರ ಬೇಕುಬೇಡಗಳಿಗೇ ಬದುಕುವ ಈ ರೀತಿಯನ್ನು ಮನಶ್ಶಾಸ್ತ್ರದಲ್ಲಿ ಸಹಾವಲಂಬನೆ, ಅಂದರೆ ಕೋಡಿಪೆಂಡೆನ್ಸಿ ಎನ್ನುತ್ತಾರೆ. ಕಾಯಿಲೆಗಳ ಅಧಿಕೃತ ಪಟ್ಟಿಯಲ್ಲಿ ಇದಿಲ್ಲ. ಆದರೂ ಮೈ ಇದರ ಬೆಲೆ ತೆರುತ್ತದೆ.

1995ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ನೋಡಿ. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ, ಸರಾಸರಿ 62 ವಯಸ್ಸಿನ 13 ಮಹಿಳೆಯರ ಚರ್ಮದ ಮೇಲೆ ಸಣ್ಣ ಗಾಯ ಮಾಡಿ ಗಮನಿಸಿದರು. ಆ ಹೊಣೆಯಿಲ್ಲದ ಅದೇ ವಯಸ್ಸಿನವರಿಗಿಂತ ಇವರ ಗಾಯ ಮಾಯಲು ಸುಮಾರು 9 ದಿನ ಹೆಚ್ಚು ಹಿಡಿಯಿತು. ಇವರೆಲ್ಲ ಸಹಾವಲಂಬಿಗಳೆಂದು ಹೇಳಲಾಗದು. ಬಿಡುವಿಲ್ಲದ ಒತ್ತಡ ಮೈಗೆ ಏನು ಮಾಡುತ್ತದೆ ಎಂಬುದಂತೂ ಸ್ಪಷ್ಟ.

ಇದರಿಂದ ಹೊರಬರಲು ಕೆಲವು ಹೆಜ್ಜೆಗಳಿವೆ. ಮೊದಲು ಒಂದು ವಾರ, ಬೇರೆಯವರಿಗಾಗಿ ಮಾಡಿದ್ದನ್ನೆಲ್ಲ ಬರೆದಿಡಿ. ಅವರೇ ಮಾಡಿಕೊಳ್ಳಬಹುದಾಗಿದ್ದ ಕೆಲಸಗಳ ಮುಂದೆ ಗುರುತು ಹಾಕಿ.

ಎರಡನೆಯದು ವೈದ್ಯರ ಭೇಟಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಸಾಧ್ಯವಾದರೆ ಒಬ್ಬರೇ ಒಳಗೆ ಹೋಗಿ, ಗಂಡನೋ ಮಗಳೋ ಜೊತೆಗಿದ್ದರೆ ಮಾತು ಅವರ ಕಡೆಗೇ ಹೊರಳುತ್ತದೆ. ಬಿ.ಪಿ., ಸಕ್ಕರೆ, ಕಣ್ಣು ಪರೀಕ್ಷೆ ಮಾಡಿಸಿ. 65 ದಾಟಿದ್ದರೆ ಮೂಳೆ ಸಾಂದ್ರತೆಯ ಪರೀಕ್ಷೆಯನ್ನೂ ಕೇಳಿ. ಎಷ್ಟು ಗಂಟೆ ನಿದ್ದೆ, ಎಲ್ಲಿ ನೋವು, ಬಿದ್ದದ್ದುಂಟೇ, ಯಾವ ಮಾತ್ರೆ ಬಿಟ್ಟಿದ್ದೀರಿ, ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಮನೆಯ ಒತ್ತಡವನ್ನೂ ನೀವಾಗಿಯೇ ಹೇಳಿ. ಅವರು ಕೇಳುತ್ತಾರೆಂದು ಕಾಯಬೇಡಿ.

ಆಮೇಲೆ, ಗುರುತು ಹಾಕಿದ ಕೆಲಸಗಳಲ್ಲಿ ಅತಿ ಚಿಕ್ಕದೊಂದನ್ನು ಬಿಡಿ. "ಇವತ್ತು ನನ್ನಿಂದ ಆಗುವುದಿಲ್ಲ" ಎಂದಷ್ಟೇ ಹೇಳಿ, ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ವಾದ ಶುರುವಾಗುತ್ತದೆ. ಎದೆ ಡವಗುಟ್ಟುತ್ತದೆ, ಎದ್ದುಹೋಗಿ ಮಾಡಿಬಿಡೋಣ ಅನ್ನಿಸುತ್ತದೆ. ಕುಳಿತೇ ಇರಿ, ಆ ತಳಮಳ ತಾನಾಗಿ ಇಳಿಯುತ್ತದೆ. ಹಾಸಿಗೆ ಹಿಡಿದವರ ಆರೈಕೆಯನ್ನು ಹೀಗೆ ಬಿಡುವ ಹಾಗಿಲ್ಲ, ಅದನ್ನು ಹಂಚಿಕೊಳ್ಳಬೇಕು. 'ಇಲ್ಲ' ಎಂದರೆ ಕೈ ಎತ್ತುವವರು ಮನೆಯಲ್ಲಿದ್ದರೆ ಈ ಹೆಜ್ಜೆ ಬೇಡವೇ ಬೇಡ, ಮೊದಲು ನಂಬಿಕಸ್ಥರ ನೆರವು ಪಡೆಯಿರಿ.

ಉಳಿದ ಸಮಯದಲ್ಲಿ ನಡೆಯಿರಿ. ವಾರಕ್ಕೆ ಒಟ್ಟು 150 ನಿಮಿಷ ಸಾಕು. ಕುಡಿತವೇ ಮನೆಯ ಮೂಲ ಸಮಸ್ಯೆಯಾಗಿದ್ದರೆ, ಕುಡಿಯುವವರ ಮನೆಯವರಿಗಾಗಿಯೇ ಇರುವ ಅಲ್-ಅನಾನ್ ಗುಂಪುಗಳಿವೆ, 1951ರಿಂದ ನಡೆಯುತ್ತಿವೆ. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ, ಊಟ ನಿದ್ದೆ ಸರಿಯಿಲ್ಲ ಎಂದಾದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ವಯಸ್ಸಾಯಿತು, ಇದೆಲ್ಲ ಇದ್ದದ್ದೇ ಎಂದು ಯಾರು ಹೇಳಿದರೂ ಕೇಳಬೇಡಿ.